ಕ್ಲಚ್ ಪೆಡಲ್ ಇರಬೇಕೇ, ಬೇಡವೇ?

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಂಪನಿ ಹೈಡ್ರಾಮ್ಯಾಟಿಕ್ ಎಂಬ, ಕ್ಲಚ್ ಪೆಡಲ್ ಬೇಡದ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು 1939ರಲ್ಲೇ ತಂದಿತು. ಅಲ್ಲಿ ಪೆಟ್ರೋಲ್ ಅಗ್ಗ, ಇಂಜಿನ್ನುಗಳು ದೊಡ್ಡವು. ಗೇರ್‌ಬಾಕ್ಸ್ ಒಂದಿಷ್ಟು ಇಂಧನ ಹೆಚ್ಚಿಗೆ ಕುಡಿದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಯುರೋಪಿನಲ್ಲಿ ಇಂಧನಕ್ಕೆ ತೆರಿಗೆ ಜಾಸ್ತಿ, ಇಂಜಿನ್ ಚಿಕ್ಕದು, ಹಾಗಾಗಿ ಮ್ಯಾನ್ಯುವಲ್ ಬಹುಕಾಲ ನಿಂತಿತು. ಬ್ರಿಟನ್ನಿನಲ್ಲಂತೂ ಆಟೊಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಟ್ಟವರಿಗೆ ಮ್ಯಾನ್ಯುವಲ್ ಓಡಿಸುವ ಲೈಸೆನ್ಸ್ ಸಿಗುವುದಿಲ್ಲ.

ನಮ್ಮಲ್ಲಿ ಆಟೊಮ್ಯಾಟಿಕ್‌ಗೆ ಅಡ್ಡಿಯಾಗಿದ್ದದ್ದು ಬೆಲೆ ಮತ್ತು ಮೈಲೇಜ್. 2014ರಲ್ಲಿ ಎಎಂಟಿ ಎಂಬ ಅಗ್ಗದ ಆಟೊಮ್ಯಾಟಿಕ್ ಇರುವ ಮಾರುತಿ ಸೆಲೆರಿಯೊ ಕಾರು ಬಂದು ಆ ಅಡ್ಡಿ ಸಡಿಲವಾಯಿತು. ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ ದಾಟಿ ದಿನಾ ಕೆಲಸಕ್ಕೆ ಹೋಗುವವರಿಗೆ ಅದು ದೊಡ್ಡ ಉಪಕಾರವೇ. ಆದರೆ ಕೊಂಡ ಅನೇಕರಿಗೆ ಒಂದು ವಿಷಯ ಯಾರೂ ಹೇಳಿರುವುದಿಲ್ಲ: ಎಎಂಟಿಯೊಳಗೆ ಇರುವುದು ಅದೇ ಮ್ಯಾನ್ಯುವಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಕ್ಲಚ್ ಒತ್ತಿ ಗೇರ್ ಬದಲಿಸುವುದು ನಿಮ್ಮ ಕೈಕಾಲಲ್ಲ, ಆಕ್ಚುಯೇಟರ್ ಎಂಬ ಯಂತ್ರಭಾಗ, ಅಷ್ಟೇ ವ್ಯತ್ಯಾಸ.

ಹೆಬ್ಬಾಳ ಫ್ಲೈಓವರ್‌ನ ಏರಿನಲ್ಲಿ ಜಾಮ್ ಆದಾಗ, ಹಿಂದಕ್ಕೆ ಜಾರದಿರಲೆಂದು ಆಕ್ಸಿಲರೇಟರನ್ನೇ ಮೆಲ್ಲಗೆ ಒತ್ತಿಕೊಂಡು ನಿಲ್ಲುವವರಿದ್ದಾರೆ. ಆಗ ಕ್ಲಚ್ ಅರೆಬರೆ ಹಿಡಿದು ಉಜ್ಜುತ್ತದೆ, ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಡಿಸಿಟಿ ಎಂಬ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ಕಿನಲ್ಲಿ ಡ್ರೈ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರದ ಕ್ಲಚ್, ಇದ್ದರೆ ಅದಕ್ಕೂ ಇದೇ ಶತ್ರು. ಬ್ರೇಕ್ ಮೇಲೆಯೇ ನಿಲ್ಲಿ. ಮುಂದೆ ಒಂದು ಕಾರಿನಷ್ಟು ಜಾಗ ತೆರವಾದ ಮೇಲೆ ಒಂದೇ ಸಲಕ್ಕೆ ಮುಂದೆ ಹೋಗಿ. ಬಹಳ ಹೊತ್ತು ನಿಲ್ಲಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ. ಟಾರ್ಕ್ ಕನ್ವರ್ಟರ್ ಎಂಬ ಇನ್ನೊಂದು ಬಗೆಯ ಆಟೊಮ್ಯಾಟಿಕ್‌ನಲ್ಲಿ ಶಕ್ತಿ ಎಣ್ಣೆಯ ಮೂಲಕ ದಾಟುವುದರಿಂದ ಆಮೆನಡಿಗೆಯನ್ನು ಅದು ಚೆನ್ನಾಗಿ ತಾಳುತ್ತದೆ. ದಿನವೂ ಔಟರ್ ರಿಂಗ್ ರೋಡ್ ಹಿಡಿಯುವವರು ಹಣ ಹೊಂದಿದರೆ ಅದನ್ನೇ ಆರಿಸುವುದು ಒಳ್ಳೆಯದು.

ಊರಿಗೆ ಹೋಗುವಾಗ ಶಿರಾಡಿ, ಚಾರ್ಮಾಡಿ ಇಳಿಯುತ್ತೀರಿ. ಅಲ್ಲಿ ಗೇರ್ ಲಿವರನ್ನು ಡಿ (ಡ್ರೈವ್) ಯಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಏರಬಹುದು, ಇಂಜಿನ್ನಿನ ಹಿಡಿತ ತಪ್ಪುತ್ತದೆ, ಪೂರಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಒತ್ತಿದರೂ ಹಿಡಿಯದು. ಮ್ಯಾನ್ಯುವಲ್ ಮೋಡ್‌ನಲ್ಲಿ ಎರಡನೇ ಗೇರ್, ಹಂತಹಂತದ ಗೇರುಗಳಿಲ್ಲದ ಸಿವಿಟಿ ಎಂಬ ಬಗೆಯ ಆಟೊಮ್ಯಾಟಿಕ್ ಆದರೆ ಲಿವರನ್ನು ಎಲ್ ಅಥವಾ ಎಸ್‌ಗೆ ಹಾಕಿ ಇಳಿಯಿರಿ. ನ್ಯೂಟ್ರಲ್ ಖಂಡಿತ ಬೇಡ.

ಸೆಕೆಂಡ್ ಹ್ಯಾಂಡ್ ಎಎಂಟಿ ಕೊಳ್ಳುವವರು ಏರಿನಲ್ಲೇ ಓಡಿಸಿ ನೋಡಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಸವೆದಿದೆ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಒಟ್ಟಿಗೆ ಬದಲಿಸಬೇಕು, ಆಮೇಲೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್‌ಗೆ ತಕ್ಕಂತೆ ಹೊಂದಿಸಬೇಕು. ಆ ಖರ್ಚನ್ನು ಕಳೆದೇ ಬೆಲೆ ಮಾತಾಡಿ.