ಅಂಗಳದ ಪೇವರ್ಸ್‌ಗೆ ಸೀಲರ್: ದೀಪಾವಳಿಗೆ ಬೇಡ, ಸಂಕ್ರಾಂತಿ ಕಳೆಯಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನವರಾತ್ರಿ ಮುಗಿಯುವುದೇ ತಡ, ನಮ್ಮ ಕಸುಬಿನವರ ಫೋನಿಗೆ ಪುರುಸೊತ್ತೇ ಇರುವುದಿಲ್ಲ. ಅಂಗಳಕ್ಕೆ ಹಾಸುವ ಕಾಂಕ್ರೀಟ್ ಬ್ಲಾಕಿಗೆ, ಅಂದರೆ ಪೇವರ್ಸ್‌ಗೆ, ನೀರು, ಕಲೆ ಇಳಿಯದ ಹಾಗೆ ಸೀಲರ್ ಅನ್ನುವ ದ್ರವ ಹೊಡೆಯುವುದು ನಮ್ಮ ಕಸುಬು. ಮನೆಗೆ ಪೇಂಟ್ ನಡೆಯುತ್ತಿರುತ್ತದೆ. "ಹಾಗೇ ಅಂಗಳದ ಪೇವರ್ಸ್‌ಗೂ ಒಂದು ಕೋಟ್ ಸೀಲರ್ ಹೊಡೆದುಬಿಡಿ, ದೀಪಾವಳಿಗೆ ಪಳಪಳ ಅನ್ನಬೇಕು" ಅಂತಾರೆ. ನಾನು ಆಗಲ್ಲ ಅಂತೀನಿ. ಬೇಜಾರು ಮಾಡಿಕೊಳ್ಳುತ್ತಾರೆ. ಬರುವ ದುಡ್ಡನ್ನು ಬೇಡ ಅನ್ನುವವನು ಯಾರಪ್ಪಾ ಇವನು ಅಂತ ನೋಡುತ್ತಾರೆ. ಯಾಕೆ ಬೇಡ ಅನ್ನುತ್ತೇನೆ ಅಂತ ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಅಂತ ಬಂದಿದ್ದೇನೆ.

ನಮ್ಮ ದಾವಣಗೆರೆ ಕಡೆ ಜೂನ್‌ನಲ್ಲಿ ಮಳೆ ಶುರುವಾದರೂ ಜೋರು ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಜುಲೈ, ಆಗಸ್ಟ್ ಪೂರ್ತಿ ಮೋಡ, ಜಿಟಿಜಿಟಿ, ಗಾಳಿಯಲ್ಲಿ ತೇವ. ಈ ನೀರೆಲ್ಲ ಪೇವರ್ಸ್ ಸಂದಿಯಲ್ಲಿ ಇಳಿದು ಕೆಳಗಿನ ಮರಳಿನ ಹಾಸಿನಲ್ಲಿ ಕೂತಿರುತ್ತದೆ. ನಿಮ್ಮದು ಎರೆ ಮಣ್ಣಿನ ಜಾಗ ಆದರೆ ಇನ್ನೂ ಕಷ್ಟ, ಆ ಮಣ್ಣು ನೀರನ್ನು ಬಿಡುವುದೇ ಇಲ್ಲ. ದೀಪಾವಳಿ ಹೊತ್ತಿಗೆ ಎರಡು ದಿನ ಬಿಸಿಲು ಬಿದ್ದರೆ ಮೇಲೆಲ್ಲ ಒಣಗಿ ಬೆಳ್ಳಗೆ ಕಾಣುತ್ತದೆ. ಮೂಲೆಯ ಒಂದು ಬ್ಲಾಕ್ ಎಬ್ಬಿಸಿ ತಿರುಗಿಸಿ ನೋಡಿ. ತಳ ಇನ್ನೂ ಕಪ್ಪಗೆ, ಮುಟ್ಟಿದರೆ ತಣ್ಣಗೆ, ಒದ್ದೆ ಮರಳು ಅಂಟಿಕೊಂಡಿರುತ್ತದೆ. ಅಂಥ ಬ್ಲಾಕಿನ ಮೇಲೆ ಹೊಳಪಿನ ಸೀಲರ್ ಹೊಡೆದರೆ ಏನಾಗುತ್ತದೆ? ಬಿಸಿಲು ಕಾದ ಹಾಗೆ ಒಳಗಿನ ನೀರು ಆವಿಯಾಗಿ ಮೇಲೆ ಬರಬೇಕು, ದಾರಿ ಮುಚ್ಚಿದೆ. ಆ ಪದರದ ಕೆಳಗೇ ಸಿಕ್ಕಿಕೊಂಡು ಹಾಲು ಚೆಲ್ಲಿದ ಹಾಗೆ ಬಿಳಿ ಮೊಬ್ಬು ಬರುತ್ತದೆ, ಆಮೇಲೆ ಅಲ್ಲಲ್ಲಿ ಸಿಪ್ಪೆ ಏಳುತ್ತದೆ. ಸೀಲರ್ ಕಂಪನಿಯನ್ನು ಬೈಯುತ್ತಾರೆ. ಎಷ್ಟೋ ಸಲ ಡಬ್ಬದ ತಪ್ಪೇನೂ ಇರುವುದಿಲ್ಲ, ತಿಂಗಳು ತಪ್ಪಾಗಿರುತ್ತದೆ.

ಪೇವರ್ ಅಂದರೆ ಗಟ್ಟಿ ಕಲ್ಲು, ಅದಕ್ಕೆಲ್ಲಿ ನೀರು ಇಳಿಯುತ್ತೆ ಅನ್ನುವವರೂ ಇದ್ದಾರೆ. ಅದು ಸಿಮೆಂಟು, ಸಣ್ಣ ಜಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಸೇರಿಸಿ ಒತ್ತಿ ಮಾಡಿದ ಕಾಂಕ್ರೀಟು. ಮೈತುಂಬ ಕಣ್ಣಿಗೆ ಕಾಣದ ರಂಧ್ರ. ಪೇವರ್ ಬ್ಲಾಕಿಗೆಂದೇ ಇರುವ ಭಾರತೀಯ ಮಾನಕ 15658ರ 2006ರ ಆವೃತ್ತಿಯಲ್ಲಿ, ಒಳ್ಳೆಯ ಬ್ಲಾಕ್ ತನ್ನ ತೂಕದ ಸರಾಸರಿ 6 ಪರ್ಸೆಂಟ್‌ಗಿಂತ ಜಾಸ್ತಿ ನೀರು ಕುಡಿಯಬಾರದು ಅಂತಿತ್ತು. ಅಂದರೆ ಒಳ್ಳೆಯದೂ ಸ್ವಲ್ಪ ಕುಡಿಯುತ್ತದೆ ಅಂತಾಯಿತಲ್ಲ. ರಸ್ತೆ ಬದಿ ರಾಶಿ ಹಾಕಿಕೊಂಡು ಅಗ್ಗಕ್ಕೆ ಮಾರುವ, ಸರಿಯಾಗಿ ಕ್ಯೂರಿಂಗ್ ಆಗದ, ಅಂದರೆ ನೀರುಣಿಸಿ ಗಟ್ಟಿ ಮಾಡದ, ಬ್ಲಾಕ್ ಎಷ್ಟು ಕುಡಿಯುತ್ತದೋ ಕೇಳಬೇಡಿ. ಒಂದು ಲೋಟ ನೀರು ಸುರಿದರೆ ನೋಡುನೋಡುತ್ತಿದ್ದಂತೆ ಮಾಯ.

ಹೀಗೆ ಒಳಗೆ ಹೋದ ನೀರು ಸುಮ್ಮನೆ ವಾಪಸ್ ಬರುವುದಿಲ್ಲ. ಸಿಮೆಂಟಿನಲ್ಲಿರುವ ಸುಣ್ಣವನ್ನು ಕರಗಿಸಿಕೊಂಡು ಮೇಲೆ ತರುತ್ತದೆ. ಆ ಸುಣ್ಣ ಗಾಳಿ ಸೋಕಿ ಬಿಳಿ ಪುಡಿಯಾಗಿ ಕೂರುತ್ತದೆ. ಹೊಸ ಅಂಗಳ ಮೊದಲ ಮಳೆಗೇ ಬಿಳಿಚಿಕೊಂಡಿತು ಅಂತ ಜನ ಗಾಬರಿಯಾಗುವುದು ಇದಕ್ಕೇ. ಗಾಬರಿ ಬೇಡ, ಬ್ಲಾಕ್ ಕೆಟ್ಟಿಲ್ಲ. ಮಳೆ, ಬಿಸಿಲು ಬಿದ್ದು ಬಿದ್ದು ಅದು ತಾನಾಗಿಯೇ ಕಡಿಮೆ ಆಗುತ್ತದೆ. ಆದರೆ ಅದು ಇಳಿಯುವ ಮುಂಚೆ ಸೀಲರ್ ಹೊಡೆದಿರೋ, ಆ ಬಿಳುಪನ್ನು ಒಳಗೇ ಇಟ್ಟು ಬೀಗ ಹಾಕಿದ ಹಾಗೆ. ಹೊಸ ಪೇವರ್ಸ್‌ಗೆ ಕಮ್ಮಿ ಅಂದರೂ ಒಂದೆರಡು ತಿಂಗಳು ಬಿಡಿ. ದಿನಾ ಬೋರ್ ನೀರು ಹಾಕಿ ಅಂಗಳ ತೊಳೆಯುವ ಮನೆಗಳಲ್ಲಿ ಇನ್ನೊಂದು ತರಹದ ಬಿಳುಪು ಇರುತ್ತದೆ, ಅದು ಗಡಸು ನೀರಿನ ಉಪ್ಪು. ಕೊಡಪಾನದ ತಳದಲ್ಲಿ ಕಟ್ಟುತ್ತಲ್ಲ, ಅದೇ.

ಪಾಚಿ ಎಲ್ಲಿ ಬರುತ್ತದೆ ಅಂತ ನಿಮಗೆ ಗೊತ್ತು. ಕಾಂಪೌಂಡ್ ಪಕ್ಕ, ಮಾವಿನ ಮರದ ಕೆಳಗೆ, ಸಂಪಿನ ಮುಚ್ಚಳದ ಸುತ್ತ, ಮೇಲಿಂದ ಪೈಪಿನ ನೀರು ತೊಟ್ಟಿಕ್ಕುವ ಜಾಗದಲ್ಲಿ. ಚನ್ನಗಿರಿ, ಹೊನ್ನಾಳಿ ಕಡೆ ತೋಟದ ಮನೆಗಳಲ್ಲಂತೂ ನೆರಳೂ ಜಾಸ್ತಿ, ತೇವವೂ ಜಾಸ್ತಿ, ಆಗಸ್ಟ್‌ನಲ್ಲಿ ಅಂಗಳ ಹಸಿರು ಜಮಖಾನ ಹಾಸಿದ ಹಾಗಿರುತ್ತದೆ. ವಯಸ್ಸಾದವರು ಬೆಳಿಗ್ಗೆ ಹೂವು ಕೀಳಲು ಹೋಗಿ ಜಾರಿ ಸೊಂಟ ಮುರಿದುಕೊಳ್ಳುವುದು ಅಂಥ ಜಾಗದಲ್ಲೇ.

ಈಗ ಸೀಲರ್ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಹತ್ತಾರು ಡಬ್ಬ ತೋರಿಸುತ್ತಾರೆ, ಆದರೆ ಜಾತಿ ಎರಡೇ ಅಂದುಕೊಳ್ಳಿ. ಒಂದು ಮೇಲೆ ಪದರ ಕಟ್ಟುವುದು: ಅಕ್ರಿಲಿಕ್, ಪಾಲಿಯುರೆಥೇನ್ ಥರದ್ದು. ಕಲ್ಲು ಒದ್ದೆಯಾಗಿದ್ದಾಗ ಕಾಣುವ ಗಾಢ ಬಣ್ಣ, ಹೊಳಪು ಕೊಡುತ್ತದೆ, ಎಣ್ಣೆ ಕಲೆಗೂ ಚೆನ್ನಾಗಿ ತಡೆಯುತ್ತದೆ. ಇನ್ನೊಂದು ಒಳಗೆ ಇಳಿಯುವುದು: ಸಿಲೇನ್, ಸಿಲೋಕ್ಸೇನ್ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಇದು ರಂಧ್ರ ಮುಚ್ಚುವುದಿಲ್ಲ. ರಂಧ್ರದ ಗೋಡೆಗೆ ಅಂಟಿಕೊಂಡು ನೀರನ್ನು ದೂರ ತಳ್ಳುತ್ತದೆ. ಹೊರಗಿನ ನೀರು ಒಳಗೆ ಹೋಗುವುದಿಲ್ಲ, ಒಳಗಿನ ಆವಿ ಮಾತ್ರ ಹೊರಗೆ ಬರುತ್ತದೆ. ಹೊಳಪು ಇಲ್ಲ. ಹೊಡೆದ ಮಾರನೇ ದಿನ ನೋಡಿದರೆ ಏನೂ ಮಾಡಿಲ್ಲ ಅನ್ನಿಸುತ್ತದೆ, ಅದಕ್ಕೇ ಇದಕ್ಕೆ ಗಿರಾಕಿ ಕಡಿಮೆ. ದುಡ್ಡು ಕೊಟ್ಟ ಮೇಲೆ ಕಣ್ಣಿಗೆ ಏನಾದರೂ ಕಾಣಬೇಕಲ್ವಾ!

ನನ್ನನ್ನು ಕೇಳಿದರೆ ನಾಲ್ಕು ತಿಂಗಳು ತೇವ ಇರುವ ಯಾವ ಅಂಗಳಕ್ಕೂ ಎರಡನೆಯದೇ ಸರಿ. ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುವ ಮಂಗಳೂರು ಕಡೆ ಮನೆ ಇದ್ದವರಂತೂ ಹೊಳಪಿನ ಆಸೆ ಬಿಟ್ಟುಬಿಡಬೇಕು. ನಮ್ಮ ದಾವಣಗೆರೆ, ಚಿತ್ರದುರ್ಗದವರು ಬಯಲುಸೀಮೆಯವರು, ನಮಗೆ ಒಂದು ಅನುಕೂಲ ಇದೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಣ ಹವೆ ಸಿಗುತ್ತದೆ. ಆ ಹೊತ್ತಿಗೆ ನೆಲದ ತೇವ ಆರಿರುತ್ತದೆ, ಬಿಸಿಲೂ ಇನ್ನೂ ಏರಿರುವುದಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಆ ನಾಲ್ಕೈದು ವಾರಕ್ಕಿಂತ ಒಳ್ಳೆಯ ಕಾಲ ಇಲ್ಲ. ಏಪ್ರಿಲ್‌ಗೆ ಮುಂದೂಡಬೇಡಿ. ಆಗ ಮಧ್ಯಾಹ್ನ ಪೇವರ್ ಮೇಲೆ ಬರಿಗಾಲು ಇಡಲು ಆಗುವುದಿಲ್ಲ, ಸೀಲರ್ ಒಳಗೆ ಇಳಿಯುವ ಮುಂಚೆ ಮೇಲೇ ಆರಿ ಗುಳ್ಳೆ ಏಳುತ್ತದೆ. ಎಷ್ಟು ಬಿಸಿಯವರೆಗೆ ಹೊಡೆಯಬಹುದು ಅಂತ ಡಬ್ಬದ ಮೇಲೇ ಇರುತ್ತದೆ, ಓದಿ.

ತೇವ ಆರಿದೆಯಾ ಇಲ್ಲವಾ ಅಂತ ತಿಳಿಯಲು ಮೀಟರ್ ಏನೂ ಬೇಕಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೊಗೊಳ್ಳಿ. ಸಂಜೆ ಪೇವರ್ಸ್ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಅಗಲ ಟೇಪು ಅಂಟಿಸಿ. ಹದಿನಾರು ಗಂಟೆ ಬಿಡಿ, ಅಂದರೆ ಮಾರನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಎತ್ತಿ ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ಅಥವಾ ಹಾಳೆ ಇದ್ದ ಜಾಗ ಸುತ್ತಲಿಗಿಂತ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ನೆರಳಿನ ಮೂಲೆಯಲ್ಲಿ ಒಂದು, ಬಿಸಿಲಲ್ಲಿ ಒಂದು ಹಾಕಿ. ಬಿಸಿಲಿನದು ಪಾಸಾಗಿ ನೆರಳಿನದು ಫೇಲಾಗುವುದು ಮಾಮೂಲು. ಕೆಲಸಕ್ಕೆ ಬಂದವನು ಈ ಪರೀಕ್ಷೆ ಬೇಡ, ನಮಗೆ ನೋಡಿದರೇ ಗೊತ್ತಾಗುತ್ತೆ ಅಂದರೆ ಅವನನ್ನು ಟೀ ಕುಡಿಸಿ ಕಳಿಸಿ.

ಇನ್ನು ತೊಳೆಯುವುದು. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಮುಕ್ಕಾಲು ಭಾಗ ತೊಳೆಯುವುದೇ. ಸೀಲರ್ ಹೊಡೆಯುವುದು ಒಂದು ಬೆಳಗಿನ ಮಾತು. ಕೊಳೆ, ಪಾಚಿ ಮೇಲೆ ಹೊಡೆದರೆ ಕೊಳೆಯೇ ಪರ್ಮನೆಂಟ್. ನಮ್ಮಲ್ಲಿ ಕೆಟ್ಟ ಅಭ್ಯಾಸ ಏನೆಂದರೆ, ಏನೇ ಕಲೆ ಆದರೂ ಬಾತ್‌ರೂಮ್ ತೊಳೆಯುವ ಆ್ಯಸಿಡ್ ಸುರಿಯುವುದು. ನೊರೆ ಬರುತ್ತದೆ, ಬಿಳುಪು ಹೋಗುತ್ತದೆ, ಖುಷಿಯಾಗುತ್ತದೆ. ಆದರೆ ಆ ನೊರೆ ಅಂದರೆ ನಿಮ್ಮ ಸಿಮೆಂಟೇ ಕರಗುತ್ತಿರುವುದು. ಮೇಲಿನ ನುಣುಪು ಹೋಗಿ ಮರಳು ಎದ್ದು ಬ್ಲಾಕು ಇನ್ನೂ ಜಾಸ್ತಿ ನೀರು ಕುಡಿಯಲು ಶುರು ಮಾಡುತ್ತದೆ. ಶಹಾಬಾದ್ ಕಲ್ಲು, ಕಡಪಾ ಕಲ್ಲು ಹಾಕಿದವರಂತೂ ಆ್ಯಸಿಡ್ ಹತ್ತಿರವೂ ತರಬೇಡಿ, ಅವು ಸುಣ್ಣದ ಕಲ್ಲು, ನಿಂಬೆ ರಸ ಬಿದ್ದರೂ ಕಲೆ. ಪಾಚಿಗೆ ಬ್ಲೀಚಿಂಗ್ ಪೌಡರ್ ಸಾಕು. ನೀರಿನಲ್ಲಿ ಕದಡಿ, ತಿಳಿ ಬಸಿದು, ಆ ತಿಳಿಯನ್ನು ಚಿಮುಕಿಸಿ, ಹದಿನೈದು ನಿಮಿಷ ಬಿಟ್ಟು ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ನೀರು ಬಿಡಿ. ಗಿಡದ ಬುಡಕ್ಕೆ ಹೋಗದ ಹಾಗೆ ನೋಡಿಕೊಳ್ಳಿ.

ಒಂದು ಮಾತು ಜೋರಾಗಿಯೇ ಹೇಳುತ್ತೇನೆ. ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಎರಡನ್ನೂ ಯಾವತ್ತೂ ಸೇರಿಸಬೇಡಿ. ಒಂದು ಹಾಕಿದ ಜಾಗ ತೊಳೆಯದೆ ಇನ್ನೊಂದನ್ನೂ ಹಾಕಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ, ಶ್ವಾಸಕೋಶಕ್ಕೆ ಹೊಡೆತ ಬೀಳುತ್ತದೆ.

ಕಲೆಗಳಲ್ಲಿ ನಮ್ಮೂರಿನವೇ ಕೆಲವು ಇವೆ. ಆಯುಧಪೂಜೆಗೆ ಗೇಟಿನ ಮುಂದೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುತ್ತೀರಿ. ಒಡೆದ ಹೋಳು ಮಧ್ಯಾಹ್ನದವರೆಗೆ ಅಲ್ಲೇ ಬಿದ್ದಿರುತ್ತದೆ, ಕಾಯಿಯ ನೀರಿನ ಜೊತೆ ಕೆಂಪು ಬ್ಲಾಕಿನ ಒಳಗೆ ಇಳಿದು ಬಿಡುತ್ತದೆ. ಅಂಗಡಿ ಕುಂಕುಮದಲ್ಲಿ ಬಣ್ಣ ಬೆರೆಸಿದ್ದರೆ ಅದು ಬೇಗ ಹೋಗುವುದಿಲ್ಲ. ಆರತಿ ನೀರಿನದು ಹಾಗಲ್ಲ. ಅರಿಶಿನಕ್ಕೆ ಸುಣ್ಣ ಸೇರಿ ಕೆಂಪಾದ ನೀರು ಅದು, ಕಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ, ಆದರೆ ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಸ್ವಲ್ಪ ದಿನ ಬಿಟ್ಟರೆ ತಾನೇ ಮಾಸುತ್ತದೆ. ಹೋಳಿ ಬಣ್ಣದ ಬಗ್ಗೆ ದಾವಣಗೆರೆಯವರಿಗೆ ನಾನು ಹೇಳಬೇಕಾ? ಹೋಳಿ ಬರುವುದು ಮಾರ್ಚ್ ಹೊತ್ತಿಗೆ, ಜನವರಿಯಲ್ಲಿ ಸೀಲರ್ ಆಗಿದ್ದರೆ ಅವತ್ತೇ ಸಂಜೆ ಪೈಪ್ ಹಿಡಿದರೆ ಮುಗೀತು. ಎಲ್ಲಕ್ಕಿಂತ ಹಟಮಾರಿ ಅಂದರೆ ಅಡಿಕೆ ಚೊಗರು, ಅಡಿಕೆ ಬೇಯಿಸಿದಾಗ ಬಿಡುವ ಕಂದು ರಸ. ಚನ್ನಗಿರಿ, ಭೀಮಸಮುದ್ರದ ಕಡೆ ಬೇಯಿಸಿದ ಅಡಿಕೆಯನ್ನು ಅಂಗಳದಲ್ಲೇ ಒಣಗಿಸುವ ಮನೆಗಳಿವೆ. ಟಾರ್ಪಾಲ್ ಹರಿದ ಕಡೆಯಲ್ಲೆಲ್ಲ ಕಂದು ಮಚ್ಚೆ. ಚೊಗರು ಚರ್ಮಕ್ಕೆ ಹತ್ತಿದರೇ ವಾರಗಟ್ಟಲೆ ಹೋಗುವುದಿಲ್ಲ, ಇನ್ನು ಕಾಂಕ್ರೀಟು ಬಿಡುತ್ತದಾ? ಹಸಿಯಿದ್ದಾಗಲೇ ಬ್ಲೀಚ್ ತಿಳಿ ಹಾಕಿದರೆ ಬಹುಪಾಲು ಏಳುತ್ತದೆ. ಹಳತಾದರೆ ಆ ಬ್ಲಾಕ್ ತೆಗೆದು ತಿರುಗಿಸಿ ಹಾಕುವುದೇ ಸುಲಭ. ಮೇಲ್ಮೈ ಒಂದೇ ಥರ ಇರುವ ಬ್ಲಾಕ್ ಆದರೆ ಮಾತ್ರ, ಬಣ್ಣದ ಪದರ ಒಂದೇ ಕಡೆ ಇದ್ದರೆ ಆಗುವುದಿಲ್ಲ.

ಪ್ರೆಶರ್ ವಾಷರ್ ಒಳ್ಳೆಯದೇ, ಆದರೆ ಮೂತಿಯನ್ನು ಬ್ಲಾಕಿಗೆ ಅಂಟಿಸಿ ಹಿಡಿಯಬೇಡಿ. ಸಂದಿಯ ಮರಳೆಲ್ಲ ಹಾರಿ ಹೋಗುತ್ತದೆ. ಆ ಮರಳೇ ಬ್ಲಾಕುಗಳನ್ನು ಅಲ್ಲಾಡದ ಹಾಗೆ ಹಿಡಿದಿರುವುದು. ಹೋದಷ್ಟು ಮರಳನ್ನು ಒಣಗಿದ ಮೇಲೆ ಗುಡಿಸಿ ತುಂಬಲೇಬೇಕು, ಇಲ್ಲದಿದ್ದರೆ ಇರುವೆ ಗೂಡು, ಗರಿಕೆ, ಕೊನೆಗೆ ಬ್ಲಾಕು ಕಟಕಟ ಅನ್ನುವುದು. ಜರಡಿ ಹಿಡಿದ ಒಣ ಮರಳು ಸಾಕು. ನೀರು ಚಿಮುಕಿಸಿದರೆ ಗಟ್ಟಿಯಾಗುವ ಪಾಲಿಮರ್ ಮರಳೂ ಸಿಗುತ್ತದೆ, ದುಬಾರಿ, ತೇವದಲ್ಲಿ ಚೀಲದಲ್ಲೇ ಹೆಪ್ಪುಗಟ್ಟುತ್ತದೆ. ಬ್ಲಾಕ್ ಮೇಲೆ ಉಳಿದ ಪುಡಿಯನ್ನು ಸರಿಯಾಗಿ ಗುಡಿಸದೆ ನೀರು ಹಾಕಿದರೆ ಅದೇ ಇನ್ನೊಂದು ಕಲೆ.

ಹೊಡೆಯುವ ದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಬಿಸಿಲು ಏರುವ ಮುಂಚೆ ಮುಗಿಸಿ. ಒಂದು ಚದರಕ್ಕೆ, ಅಂದರೆ ನೂರು ಚದರ ಅಡಿಗೆ, ಬ್ಲಾಕ್ ಎಷ್ಟು ಕುಡಿಯುತ್ತದೆ ಅನ್ನುವುದರ ಮೇಲೆ ಎರಡರಿಂದ ನಾಲ್ಕು ಲೀಟರ್ ಬೇಕಾಗುತ್ತದೆ. ಹತ್ತು ಚದರದ ಅಂಗಳಕ್ಕೆ ಐದು ಲೀಟರ್ ಡಬ್ಬ ಒಂದೇ ಹಿಡಿದುಕೊಂಡು ಬಂದವನು ಏನು ಮಾಡುತ್ತಾನೆ ಅಂತ ನೀವೇ ಲೆಕ್ಕ ಹಾಕಿ. ದಪ್ಪಗೆ ಒಂದು ಕೈಗಿಂತ ತೆಳ್ಳಗೆ ಎರಡು ಕೈ ಒಳ್ಳೆಯದು. ಎಲ್ಲೂ ಮಡುಗಟ್ಟಿ ನಿಲ್ಲಬಾರದು. ಮುಂದಿನ ಇಪ್ಪತ್ನಾಲ್ಕು ಗಂಟೆ ಮಳೆ ಬೀಳಬಾರದು, ಕಾರು ಎರಡು ಮೂರು ದಿನ ಹೊರಗೇ ಇರಲಿ. ಥಿನ್ನರ್ ವಾಸನೆಯ ಸೀಲರ್ ಆದರೆ ಹತ್ತಿರ ಬೀಡಿ, ಬೆಂಕಿ ಯಾವುದೂ ಬೇಡ. ದೀಪಾವಳಿಗೆ ಬೇಡ ಅನ್ನಲು ಇದೂ ಒಂದು ಕಾರಣ, ಅವತ್ತು ಅಂಗಳದಲ್ಲಿ ಹಣತೆ, ಪಟಾಕಿ ಎಲ್ಲ ಇರುತ್ತದಲ್ಲ.

ಹೊಳಪಿನದೇ ಬೇಕು ಅಂತ ಹಟ ಮಾಡುವವರು ಇಳಿಜಾರಿನ ರ್‍ಯಾಂಪ್‌ಗೆ, ಮೆಟ್ಟಿಲ ಹತ್ತಿರಕ್ಕೆ ಮಾತ್ರ ಹಾಕಿಸಬೇಡಿ. ಮಳೆಯಲ್ಲಿ ಅದು ಜಾರುತ್ತದೆ. ಹಾಕಿಸಲೇಬೇಕು ಅಂದರೆ ಜಾರದ ಪುಡಿ ಬೆರೆಸಿ ಹೊಡೆಯಲು ಹೇಳಿ.

ಕೆಲವು ಅಂಗಳಕ್ಕೆ ಸೀಲರ್ ದುಡ್ಡು ದಂಡ. ನೀರು ಹರಿದು ಹೋಗಲು ಹತ್ತು ಅಡಿಗೆ ಎರಡು ಇಂಚಾದರೂ ವಾಟ, ಅಂದರೆ ಇಳಿಜಾರು, ಇರಬೇಕು. ವಾಟ ಮನೆ ಕಡೆಗೇ ಇದ್ದರೆ, ಕಾರಿನ ಚಕ್ರದ ಜಾಗ ಕುಸಿದು ಗುಂಡಿ ಬಿದ್ದಿದ್ದರೆ, ಅಂಚಿನ ಕಲ್ಲು ಇಲ್ಲದೆ ಬ್ಲಾಕುಗಳು ಹೊರಗೆ ಸರಿಯುತ್ತಿದ್ದರೆ ಮೊದಲು ಆ ದುಡ್ಡಲ್ಲಿ ಅದನ್ನು ಎಬ್ಬಿಸಿ ಸರಿ ಮಾಡಿಸಿ.

ಹೊಳಪಿನ ಸೀಲರ್ ಎರಡು ಮೂರು ವರ್ಷಕ್ಕೆ ಸವೆಯುತ್ತದೆ. ಒಳಗೆ ಇಳಿಯುವುದು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಬರುತ್ತದೆ. ಕ್ಯಾಲೆಂಡರ್ ನೋಡಬೇಡಿ, ನೀರು ಚಿಮುಕಿಸಿ ನೋಡಿ. ಹನಿ ಮಣಿಯಾಗಿ ನಿಂತರೆ ಇನ್ನೂ ಇದೆ. ಹೀರಿಕೊಂಡು ಕಪ್ಪಾದರೆ ಮುಂದಿನ ಜನವರಿಗೆ ಫೋನ್ ಮಾಡಿ, ಆಗ ಖಂಡಿತ ಬರುತ್ತೇನೆ. ನಮಸ್ಕಾರ.