ಬ್ಲೂಟೂತ್ ಜೋಡಿಯಾಯ್ತು, ಆಮೇಲೆ?

ಕೇಳುಗರೇ, ನಮಸ್ಕಾರ.

ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಿರುತ್ತೀರಿ. ಅಷ್ಟರಲ್ಲಿ ಒಂದು ಕರೆ ಬರುತ್ತದೆ. ಮಾತು ಶುರುವಾದದ್ದೇ ತಡ, ದನಿ ಡಬ್ಬದೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಹೆಡ್‌ಫೋನ್ ಕೆಟ್ಟಿತೇನೋ ಎಂದು ನಾನೂ ಒಮ್ಮೆ ಗಾಬರಿಯಾಗಿದ್ದೆ. ಏನೂ ಕೆಟ್ಟಿರಲಿಲ್ಲ. ಒಳಗೆ ಪ್ರೊಫೈಲ್ ಬದಲಾಗಿತ್ತು, ಅಷ್ಟೇ.

ಬ್ಲೂಟೂತ್ ಅಂದರೆ ಹತ್ತಿರದ ಎರಡು ಸಾಧನಗಳ ನಡುವಿನ ರೇಡಿಯೊ ದಾರಿ. 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಅದರ ಓಡಾಟ. ಆದರೆ ದಾರಿ ಇದ್ದರೆ ಸಾಲದು. ಅದರಲ್ಲಿ ಬರುತ್ತಿರುವುದು ಹಾಡೋ, ಕೀಬೋರ್ಡಿನ ಅಕ್ಷರವೋ, ಯಾರದೋ ಫೋನ್ ನಂಬರೋ ಎನ್ನುವುದು ಎರಡೂ ಕಡೆಗೆ ಗೊತ್ತಿರಬೇಕು, ಅಲ್ವಾ? ಅದಕ್ಕೆ ಒಂದೊಂದು ಕೆಲಸಕ್ಕೂ ಒಂದೊಂದು ಕರಾರು. ಆ ಕರಾರೇ ಪ್ರೊಫೈಲ್.

ಹಾಡಿಗೆ ಎ2ಡಿಪಿ, ಕೀಬೋರ್ಡ್ ಮತ್ತು ಮೌಸ್‌ಗೆ ಎಚ್‌ಐಡಿ, ಕರೆಗೆ ಹ್ಯಾಂಡ್ಸ್‌ಫ್ರೀ. ಹೆಸರುಗಳು ಸುಮ್ನೆ ಹೆದರಿಸುತ್ತವೆ. ಜೋಡಿಯಾಗುವಾಗ ಫೋನು ಆ ಕಡೆಯ ಸಾಧನವನ್ನು "ನಿನಗೆ ಏನೇನು ಬರುತ್ತದೆ?" ಎಂದು ವಿಚಾರಿಸುತ್ತದೆ. ಇಬ್ಬರಿಗೂ ಬರುವ ಕೆಲಸ ಮಾತ್ರ ನಡೆಯುತ್ತದೆ. ಅದರಲ್ಲೂ ಪಾತ್ರ ಹಂಚಿಕೆ ಇದೆ. ಹಾಡು ಕಳಿಸುವವರು ಒಬ್ಬರು, ಕೇಳಿಸುವವರು ಇನ್ನೊಬ್ಬರು. ಎರಡು ಹೆಡ್‌ಫೋನುಗಳನ್ನು ಪಕ್ಕಪಕ್ಕ ಇಟ್ಟರೆ ಎರಡೂ ಕಿವಿಯೊಡ್ಡಿ ಕೂರುತ್ತವೆಯೇ ಹೊರತು ಹಾಡು ಹುಟ್ಟುವುದಿಲ್ಲ.

ಈಗ ಆ ಡಬ್ಬದ ದನಿಗೆ ಬರೋಣ. ಎ2ಡಿಪಿಯಲ್ಲಿ ಹಾಡು ಒಂದೇ ದಿಕ್ಕಿಗೆ ಹರಿಯುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆದ ಸದ್ದು ಅದು. ಮೈಕ್ ಬೇಕೆಂದರೆ ದನಿ ಎರಡೂ ಕಡೆ ಓಡಾಡಬೇಕು. ಆಗ ಹ್ಯಾಂಡ್ಸ್‌ಫ್ರೀ ಪ್ರೊಫೈಲಿಗೆ ಇಳಿಯಲೇಬೇಕು. ಅಲ್ಲಿ ಹಳೆಯ ಕ್ರಮದಲ್ಲಿ ಅಳತೆ 8,000 ಸಲ, ಆಮೇಲೆ ಬಂದದ್ದರಲ್ಲಿ 16,000. ಮಾತು ಅರ್ಥವಾಗಲು ಅಷ್ಟು ಸಾಕು, ಹಾಡಿಗೆ ಸಾಲದು. ಕಂಪ್ಯೂಟರಿನಲ್ಲಿ ಮೀಟಿಂಗ್ ಇದ್ದಾಗ ನಾನು ಕಂಪ್ಯೂಟರಿನ ಮೈಕನ್ನೇ ಆರಿಸಿಕೊಳ್ಳುತ್ತೇನೆ. ಹೆಡ್‌ಫೋನ್ ಬರೀ ಕೇಳುವ ಕೆಲಸಕ್ಕೆ ಉಳಿಯುತ್ತದೆ, ದನಿಯೂ ಚೆನ್ನಾಗಿರುತ್ತದೆ. ಬ್ಲೂಟೂತ್‌ನಲ್ಲಿ ಸದ್ದು ಕಳಿಸುವ ಹೊಸ ಕ್ರಮವೊಂದಿದೆ, 2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೊ. ಅದರಲ್ಲಿ ಈ ತಾಪತ್ರಯ ಕಡಿಮೆ. ಆದರೆ ಅದೂ ಎರಡೂ ಕಡೆ ಇರಬೇಕು.

ಇನ್ನೊಂದು ಮಾತು. ಕಾರಿನ ಪರದೆಯ ಮೇಲೆ ನಿಮ್ಮ ಫೋನಿನ ಹೆಸರುಗಳೆಲ್ಲ ಮೂಡುತ್ತವಲ್ಲ, ಅದು ಫೋನ್‌ಬುಕ್‌ಗೇ ಇರುವ ಬೇರೆ ಪ್ರೊಫೈಲ್. ಬಾಡಿಗೆ ಕಾರಾದರೆ ಅದಕ್ಕೆ ಒಪ್ಪಿಗೆ ಕೊಡಬೇಡಿ, ಹಾಡು ಕೇಳಲು ಅದು ಬೇಕಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜೋಡಿಯಾದ ಸಾಧನದ ಹೆಸರು ಒತ್ತಿ ನೋಡಿ. ಬಹಳಷ್ಟು ಫೋನುಗಳಲ್ಲಿ ಕರೆ, ಹಾಡು, ಕಾಂಟ್ಯಾಕ್ಟ್ಸ್ ಎಂದು ಬೇರೆ ಬೇರೆ ಸ್ವಿಚ್ಚುಗಳಿರುತ್ತವೆ. ಬೇಡವಾದದ್ದನ್ನು ಅಲ್ಲೇ ಆಫ್ ಮಾಡಿಬಿಡಬಹುದು.

ನಮಸ್ಕಾರ.