ಬಕೆಟ್ ಒಳಗಿನ ಹೀರೋ

ಈಗ ನೀವು ನೋಡುತ್ತಿರುವುದು ಒಂದು ಬಕೆಟ್. ಮುಚ್ಚಳ ಹಾಕಿದ ಬಿಳಿ ಪ್ಲಾಸ್ಟಿಕ್ ಬಕೆಟ್, ಅಷ್ಟೇ. ಇದರೊಳಗೆ ಬಿಯರ್ ತಯಾರಾಗುತ್ತಿದೆ, ನಾವು ಇದರ ಮೇಲೆ ಹತ್ತು ನಿಮಿಷದ ಡಾಕ್ಯುಮೆಂಟರಿ ಮಾಡಬೇಕು. ಕೋರ್ಸ್ ಪ್ರಾಜೆಕ್ಟ್. ಮನೆಯಲ್ಲೇ ಬಿಯರ್ ಮಾಡುವ ಸೀನಿಯರ್ ಒಬ್ಬರು ಶೂಟ್ ಮಾಡಿಕೊಳ್ಳಿ ಅಂದಾಗ ಟೀಮಿನವರೆಲ್ಲ ಕುಣಿದಾಡಿದರು, ಹಬೆ, ನೊರೆ, ಗ್ಲಾಸು ಅಂತ ಒಳ್ಳೊಳ್ಳೆ ಶಾಟ್ ಸಿಗುತ್ತವಲ್ವಾ. ಸಿಗುತ್ತವೆ. ಆದರೆ ಹೆಚ್ಚಿನದು ಮೊದಲ ದಿನವೇ ಮುಗಿದುಹೋಗುತ್ತದೆ.

ಆ ಮೊದಲ ದಿನ ಮಾತ್ರ ಕ್ಯಾಮೆರಾಗೆ ಹಬ್ಬ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ತರಿತರಿಯಾಗಿ ಒಡೆದು, 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಡುತ್ತಾರೆ. ಕಾಳಿನಲ್ಲೇ ಇರುವ ಎಂಜೈಮ್‌ಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಇದನ್ನು ತೋರಿಸುವುದು ಹೇಗೆ? ಆನಿಮೇಷನ್ ನನಗಂತೂ ಬೇಡವಾಗಿತ್ತು. ಶುರುವಿನಲ್ಲಿ ಅವರು ನಮ್ಮ ಸೌಂಡ್ ಹುಡುಗನಿಗೆ ಒಂದು ಚಮಚ ಕೊಟ್ಟರು, ಹಿಟ್ಟು ಹಿಟ್ಟು, ಸಪ್ಪೆ, ಮುಖ ಹಿಂಡಿದ. ಗಂಟೆ ಕಳೆದ ಮೇಲೆ ಅದೇ ಪಾತ್ರೆಯಿಂದ ಇನ್ನೊಂದು ಚಮಚ, ಈ ಸಲ ಒಳ್ಳೇ ಸಿಹಿ, ಹುಬ್ಬು ಮೇಲೇರಿತು. ಆ ಎರಡು ಮುಖ ಅಕ್ಕಪಕ್ಕ ಇಟ್ಟೆವು. ವಿವರಣೆಯೇ ಬೇಕಾಗಲಿಲ್ಲ.

ಆಮೇಲೆ ಸೋಸಿ ಕುದಿಸುವುದು, ಹಾಪ್ಸ್ ಅನ್ನುವ ಬಳ್ಳಿಯ ಹೂ ಹಾಕುವುದು. ಮೊದಲೇ ಹಾಕಿದ್ದು ಕಹಿ ಕೊಡುತ್ತದೆ, ಕೊನೆಗೆ ಹಾಕಿದ್ದು ಪರಿಮಳ. ಲೆನ್ಸ್ ತುಂಬ ಹಬೆ. ಇನ್ನು ತೊಳೆಯುವುದು ಇದೆಯಲ್ಲ, ಅಬ್ಬಾ! ಕುದಿಸಿದ ಮೇಲೆ ಅದಕ್ಕೆ ತಾಗುವ ಪೈಪು, ಚಮಚ, ಮುಚ್ಚಳ ಎಲ್ಲ ಸ್ಯಾನಿಟೈಸ್ ಆಗಲೇಬೇಕು, ಇಲ್ಲದಿದ್ದರೆ ಬೇಡದ ಬ್ಯಾಕ್ಟೀರಿಯಾ ಸೇರಿ ಹುಳಿಯಾಗುತ್ತದೆ. ಹಾಗಾಗಿ ತೊಳೆಯುವ ಶಾಟ್ ಕತ್ತರಿಸದೆ ಉದ್ದಕ್ಕೆ ಬಿಟ್ಟಿದ್ದೇವೆ, ಬೋರ್ ಆದರೆ ಆಗಲಿ.

20 ಡಿಗ್ರಿ ಆಸುಪಾಸಿಗೆ ತಣಿಸಿ ಯೀಸ್ಟ್ ಹಾಕಿದರು, ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡುವ ಸೂಕ್ಷ್ಮಜೀವಿ. ಅಲ್ಲಿಗೆ ನಮ್ಮ ಹೀರೋ ಬಂದ, ಆದರೆ ಕಣ್ಣಿಗೆ ಕಾಣುವುದಿಲ್ಲ. 1516ರ ಬವೇರಿಯಾದ ಬಿಯರ್ ಕಾನೂನು ಬಾರ್ಲಿ, ಹಾಪ್ಸ್, ನೀರು ಅಂತ ಮೂರನ್ನೇ ಹೇಳುತ್ತದೆ, ಯೀಸ್ಟ್ ಹೆಸರೇ ಇಲ್ಲ. ನಮಗೆ ಸಿಕ್ಕಿದ್ದು ಸದ್ದು. ಮುಚ್ಚಳದ ಮೇಲೆ ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್ ಇರುತ್ತದೆ, ಅದರಲ್ಲಿರುವ ಸ್ವಲ್ಪ ನೀರಿನ ಮೂಲಕ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ, ಗುಳುಕ್, ಗುಳುಕ್. ಮೊದಮೊದಲು ಬಿಡುವಿಲ್ಲದೆ, ಆಮೇಲೆ ನಿಧಾನವಾಗಿ. ಮೈಕ್ ಪಕ್ಕದಲ್ಲೇ ಇಟ್ಟು ರೆಕಾರ್ಡ್ ಮಾಡಿ, ಎಡಿಟಿಂಗ್ ಕೂಡ ಅದೇ ವೇಗಕ್ಕೆ ಕೂರಿಸಿದೆವು.

ಬೆಳಕಿನದು ಇನ್ನೊಂದು ಕಥೆ. ಹಾಪ್ಸ್‌ನ ಕಹಿ ಅಂಶಕ್ಕೆ ಬಿಸಿಲೋ ನೀಲಿ ಬೆಳಕೋ ಬಿದ್ದರೆ ಒಂಥರಾ ಗಬ್ಬು ವಾಸನೆ ಬರುತ್ತದೆ, ಕಂದು ಬಾಟಲಿ ಬಳಸುವುದು ಅದಕ್ಕೇ. ನಮ್ಮ ಎಲ್‌ಇಡಿ ಪ್ಯಾನೆಲ್ ನೋಡಿದ್ದೇ ಅವರು ಬಕೆಟ್‌ಗೆ ಅಡ್ಡ ನಿಂತರು! ಕೊನೆಗೆ ಕ್ಯಾಮೆರಾಗೆ ಅಂತಲೇ ಒಂದು ಗಾಜಿನ ಜಾಡಿ ತುಂಬಿಸಿಕೊಟ್ಟರು, ಕುಡಿಯುವುದಕ್ಕಲ್ಲ. ನೊರೆ ಉಕ್ಕುವ ಟೈಮ್‌ಲ್ಯಾಪ್ಸ್ ಆ ಜಾಡಿಯದು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡೂ ಮ್ಯಾನುವಲ್ ಇಡಿ, ಆಟೋ ಇಟ್ಟರೆ ಫ್ರೇಮ್‌ನಿಂದ ಫ್ರೇಮ್‌ಗೆ ಮಿಣಮಿಣ ಅನ್ನುತ್ತದೆ.

ನನಗೆ ಜಾಸ್ತಿ ಇಷ್ಟವಾದ ಶಾಟ್ ಹೈಡ್ರೋಮೀಟರ್‌ದು, ದ್ರವದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ಅಳೆಯುವ ಕೊಳವೆ. ಸಕ್ಕರೆ ಜಾಸ್ತಿ ಇದ್ದಾಗ ಅದು ಮೇಲೆ ತೇಲುತ್ತದೆ, ಯೀಸ್ಟ್ ಸಕ್ಕರೆ ತಿಂದಂತೆ ಕೆಳಗಿಳಿಯುತ್ತದೆ. ನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡರೆ, ರೀಡಿಂಗ್ 1.050ರಿಂದ 1.010ಕ್ಕೆ ಇಳಿದಾಗ ಆಲ್ಕೋಹಾಲ್ ಸುಮಾರು 5 ಪರ್ಸೆಂಟ್. ಕಾಣದವನು ಕೆಲಸ ಮಾಡಿದ್ದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ.

ಬಾಟಲಿಗೆ ತುಂಬುವಾಗ ಚೂರು ಸಕ್ಕರೆ ಸೇರಿಸುತ್ತಾರೆ, ಗ್ಯಾಸ್ ಹಿಡಿಯಲು ಮತ್ತೆ ಎರಡು ವಾರ. ಸಬ್‌ಮಿಷನ್ ಅದಕ್ಕಿಂತ ಮೊದಲೇ ಇತ್ತು. ಹಾಗಾಗಿ ಚಿತ್ರ ಬಾಟಲಿಗೆ ಮುಚ್ಚಳ ಒತ್ತುವಲ್ಲಿಗೇ ಮುಗಿಯುತ್ತದೆ. ಬಿಯರ್ ಕುಡಿಯುವ ಒಂದು ಶಾಟೂ ಇಲ್ಲವಲ್ಲ ಅಂತ ಕ್ಲಾಸಿನಲ್ಲಿ ಕೇಳಿದರು. ಗ್ಲಾಸಿಗೆ ಸುರಿಯುವ ಶಾಟ್ ಎಲ್ಲ ಜಾಹೀರಾತಿನಲ್ಲೂ ಇದೆ, ನಮ್ಮದರಲ್ಲೂ ಯಾಕೆ?